ಕೇದಗೆ ಹಳ್ಳಕ್ಕೆ ಬಿಟ್ಟ ಮೀನು

ಪುಲ್ಪಳ್ಳಿ ಪೇಟೆಯ ಮೀನು ವ್ಯಾಪಾರಿಗಳಲ್ಲಿ ತೂಕದಲ್ಲಿ ಮೋಸ ಮಾಡದವನು ಚೆಲುವರಾಜು ಒಬ್ಬನೇ. ಇದನ್ನು ಅವನ ಸಾಧುತನ ಎಂದು ಯಾರೂ ತಿಳಿಯಬೇಕಾಗಿಲ್ಲ. ತಕ್ಕಡಿ ಎಲ್ಲರ ಕಣ್ಣೂ ಇರುವ ಜಾಗ, ಅಲ್ಲಿ ಕೈಯಾಡಿಸುವವನು ಹೊಸಬ. ಚೆಲುವರಾಜುವಿನ ಚಳಕವೆಲ್ಲ ಜೋಡಿಸುವುದರಲ್ಲಿತ್ತು. ನಿನ್ನೆಯ ಮತ್ತಿ ಮೀನು ಕೆಳಗೆ, ಇವತ್ತಿನದು ಮೇಲೆ, ಅದರ ಮೇಲೆ ಐಸಿನ ಪುಡಿ, ಐಸಿನ ಮೇಲೆ ಒಂದು ಚೊಂಬು ನೀರು. ಎಳೆಬಿಸಿಲು ಬೀಳುವ ಕಡೆಗೆ ಮೀನಿನ ಕಣ್ಣು, ನೆರಳಿಗೆ ಹೊಟ್ಟೆ. ಅವನ ಹಲಗೆಯ ಮೇಲೆ ಮಲಗಿದ ಮೀನು ಬದುಕಿದ್ದಾಗಲೂ ಅಷ್ಟು ಚೆಂದ ಇರಲಿಲ್ಲ ಎಂದು ಪಕ್ಕದ ಚಹಾ ಅಂಗಡಿಯ ಕೃಷ್ಣನ್ ಹೇಳುವುದಿತ್ತು.

ಅವನು ಹೊಳೆಯಾಚೆಯ ಬೈರಕುಪ್ಪೆಯವನು. ಪೆರಿಕ್ಕಲ್ಲೂರಿನ ಕಡವಿನಲ್ಲಿ ದೋಣಿ ಹತ್ತಿದರೆ ಒಂದು ಬೀಡಿ ಮುಗಿಯುವಷ್ಟರಲ್ಲಿ ಕರ್ನಾಟಕ. ಬೆಸ್ತರ ಹುಡುಗ, ಕಬಿನಿಯ ಮೀನನ್ನು ಬುಟ್ಟಿಯಲ್ಲಿ ಹೊತ್ತು ಈಚೆ ದಡಕ್ಕೆ ಬಂದ. ಆಗ ಮೆಣಸಿಗೆ ಒಳ್ಳೆಯ ಬೆಲೆ. ಇಲ್ಲಿನವರು ಮೀನಿಗೆ ಚೌಕಾಸಿ ಮಾಡುವುದಿಲ್ಲ ಎಂಬುದನ್ನು ಕಂಡುಕೊಂಡವನು ವಾಪಸು ಹೋಗುವ ದೋಣಿ ಹತ್ತಲಿಲ್ಲ. ಆಮೇಲೆ ಮಾದಮ್ಮನನ್ನು ಕಟ್ಟಿಕೊಂಡು ಬಂದ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಜಗಳಕ್ಕೆ ಎರಡೂ.

ಅಂಗಡಿಯ ಬೆನ್ನಿಗೇ ಒಂದು ಹಳ್ಳ. ಮಲಯಾಳದವರು ಅದನ್ನು ಕೈತತೋಡು ಎನ್ನುತ್ತಾರೆ. ಕೈತ ಎಂದರೆ ಕೇದಗೆ, ತೋಡು ಎಂದರೆ ಹಳ್ಳ, ಹಾಗಾಗಿ ಮಾದಮ್ಮನ ಬಾಯಲ್ಲಿ ಅದು ಕೇದಗೆ ಹಳ್ಳ. ಕಾಡಂಚಿನಲ್ಲಿ ಹುಟ್ಟುವಾಗ ಕನ್ನಡಿಯಂತಿರುವ ನೀರು ಕಾಫಿ ತೋಟಗಳನ್ನು ದಾಟಿ ಪೇಟೆಗೆ ಬರುವ ಹೊತ್ತಿಗೆ ಊರಿನ ಎಲ್ಲ ವ್ಯಾಪಾರದ ವಾಸನೆಯನ್ನೂ ಹೊತ್ತುಕೊಳ್ಳುತ್ತದೆ. ಹೋಟೆಲುಗಳ ಎಣ್ಣೆ, ಲಾಡ್ಜುಗಳ ಬಚ್ಚಲು, ಕೋಳಿಯಂಗಡಿಯ ಗರಿ, ಎಲ್ಲವೂ ಅದರ ಪಾಲಿಗೆ. ಚೆಲುವರಾಜು ಮೀನು ತೊಳೆದ ನೀರೂ ಹೋಗುತ್ತಿದ್ದದ್ದು ಅಲ್ಲಿಗೇ. ಊರಿನವರನ್ನು ಬೈಯುವಾಗ ಅವನು ಇದೊಂದನ್ನು ಬಿಟ್ಟು ಬೈಯುತ್ತಿದ್ದ.

ಕಬಿನಿಯ ರೋಹು, ಕಾಟ್ಲಾ, ಕೋಳಿಕ್ಕೋಡಿನಿಂದ ಲಾರಿಯಲ್ಲಿ ಬರುವ ಮತ್ತಿ, ಬಂಗುಡೆ, ಎಲ್ಲವನ್ನೂ ಮಾರುವವನು ಈ ಹಳ್ಳದ ಒಂದೇ ಒಂದು ಮೀನನ್ನೂ ಹಲಗೆಯ ಮೇಲೆ ಇಟ್ಟವನಲ್ಲ. ಯಾರಾದರೂ ಹಿಡಿದು ತಂದು ಕೊಟ್ಟರೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾರಣ ಹಳ್ಳ ತಿರುಗುವ ಕಡೆ, ಕೇದಗೆ ಮೆಳೆಯ ಬುಡದಲ್ಲಿ, ಮಣ್ಣಿನೊಳಗಿತ್ತು.

ಮದುವೆಯಾದ ಎರಡನೆಯ ವರ್ಷ ಅವರಿಗೊಂದು ಕೂಸು ಹುಟ್ಟಿತ್ತು. ಹೆಣ್ಣು. ಹೆಸರಿಡುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಹಲ್ಲು ಮೂಡದ ಕೂಸನ್ನು ಅವರಲ್ಲಿ ಸುಡುವುದಿಲ್ಲ, ನೀರಿನ ಪಕ್ಕ ಮಣ್ಣಿಗೆ ಕೊಡುತ್ತಾರೆ. ಗಂಗಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ಮೀನು ಮಾಡಿ ಸಾಕುತ್ತಾಳೆ ಎಂಬುದು ಅವರ ಮನೆತನದ ನಂಬಿಕೆ. ಹೆತ್ತವಳು ಅಮಾವಾಸ್ಯೆಗೊಮ್ಮೆ ರಾಗಿಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಮಾಡಿ ನೀರಿಗೆ ಹಾಕಬೇಕು. ಮೀನು ಬಂದು ಬಾಯಿ ಹಾಕಿದರೆ ಕೂಸು ಉಂಡಿತು ಎಂದು ಲೆಕ್ಕ.

ಮಾದಮ್ಮ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವಳಲ್ಲ. ಆಮೇಲೆ ಹುಟ್ಟಿದ ಗೀತಾಂಜಲಿ ಬೆಳೆದು, ನರ್ಸಾಗಿ, ಬತ್ತೇರಿಯಲ್ಲಿ ಸಂಸಾರ ಹೂಡಿದರೂ, ಈ ಹೆಸರಿಲ್ಲದ ಮಗಳಿಗೆ ಉಂಡೆ ನಿಲ್ಲಲಿಲ್ಲ. "ಬಾ ಕೂಸೇ" ಎಂದು ಅವಳು ನೀರಿನ ಮೇಲೆ ಕೈಯಾಡಿಸಿದರೆ ಬೆರಳುದ್ದದ ಮೀನುಗಳು ಮುತ್ತಿಕೊಳ್ಳುತ್ತಿದ್ದವು. ಚೆಲುವರಾಜು ದಡದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ನಂಬಿಕೆ ಇತ್ತೋ ಇಲ್ಲವೋ ಅವನೇ ವಿಚಾರಿಸಿಕೊಂಡಿರಲಿಲ್ಲ. ಅವಳು ಅಲ್ಲಿಂದ ಎದ್ದು ಬರುವಾಗಿನ ಮುಖ ಅವನಿಗೆ ಸಾಕಿತ್ತು.

ವರ್ಷ ಕಳೆದಂತೆ ಮುತ್ತುವ ಮೀನು ಕಡಿಮೆಯಾದವು. ಮೊದಲು ಹಿಂಡು, ಆಮೇಲೆ ಒಂದೆರಡು, ಆಮೇಲೆ ಕೆಸರಿನ ಬಣ್ಣದ ಯಾವುದೋ ಒಂದು ಬಂದು ಮೂಸಿ ಹೋಗುವುದು. ಈಚೆಗಂತೂ ಉಂಡೆ ನೀರಿನ ಮೇಲೆ ತೇಲಿ, ಊದಿ, ಒಡೆದು, ನೊರೆಯ ಜೊತೆ ಸಾಗಿ ಹೋಗುತ್ತಿತ್ತು.

"ಮುನಿಸ್ಕಂಡದೆ" ಎಂದಳು ಮಾದಮ್ಮ ಒಂದು ಅಮಾವಾಸ್ಯೆಯ ಸಂಜೆ.

"ಯಾರು?"

"ಇನ್ಯಾರು. ಇಂಥ ನೀರಲ್ಲಿ ಇಟ್ಟಿದೀವಲ್ಲ ಅಂತ."

"ನಾವೇನ್ ಮಾಡಾಕಾಯ್ತದೆ ಮಾದೂ. ಊರೇ ತಂದು ಸುರೀತದೆ."

"ಊರಿಗೆ ಏನು, ಅದರ ಕೂಸು ಅಲ್ಲಿಲ್ಲ" ಎಂದು ಅವಳು ಸೀರೆ ಕೊಡವಿಕೊಂಡು ಎದ್ದಳು. ಅಂದಿನಿಂದ ಚೆಲುವರಾಜುವಿಗೆ ಒಂದೇ ಯೋಚನೆ: ಮುಂದಿನ ಅಮಾವಾಸ್ಯೆಗೆ ಅವಳ ಉಂಡೆಗೆ ಬಾಯಿ ಹಾಕುವ ಮೀನು ಎಲ್ಲಿಂದ ಬರಬೇಕು.

ಅಶ್ವತಿ ಟೀಚರ್ ಅಂಗಡಿಗೆ ಬಂದದ್ದು ಆ ದಿನಗಳಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ಮೊಣಕಾಲವರೆಗೆ ರಬ್ಬರ್ ಬೂಟು, ಹೆಗಲಿಗೆ ಬಲೆ. ಬಂಗುಡೆ ಬೇಕೆಂದಳು. ಬೇಕೆಂದವಳು ಕೆಳಗಿನ ಸಾಲಿನದನ್ನು ಎಳೆದು, ಕಿವಿರು ಎತ್ತಿ ನೋಡಿ, ಅದನ್ನು ಅಲ್ಲೇ ಬಿಟ್ಟು ಮೇಲಿನದನ್ನು ಕೊಡಿ ಎಂದಳು. ಇಷ್ಟು ವರ್ಷದ ವ್ಯಾಪಾರದಲ್ಲಿ ಅವನ ಜೋಡಣೆಗೆ ಕೈ ಹಾಕಿದವರು ಅವಳೊಬ್ಬಳೇ. ಚೆಲುವರಾಜುವಿಗೆ ಅವಳ ಮೇಲೆ ಗೌರವ ಹುಟ್ಟಿತು.

"ತೋಡಿನಲ್ಲಿ ಮೀನು ಹಿಡಿಯೋಕಾ ಟೀಚರೇ? ಅಲ್ಲಿ ಸಿಗೋದು ಪ್ಲಾಸ್ಟಿಕ್ಕು. ಅದಕ್ಕೆ ಮುಳ್ಳಿಲ್ಲ, ತಿನ್ನೋಕೆ ಸುಲಭ."

ಅವಳು ನಕ್ಕಳು. "ಹಿಡಿದು, ನೋಡಿ, ಬರೆದುಕೊಂಡು, ವಾಪಸು ಬಿಡೋಕೆ ಚೇಟ್ಟಾ."

ಆಮೇಲೆ ಅವಳೇ ಬಿಡಿಸಿ ಹೇಳಿದಳು. ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡಿದರೆ ಆ ಹೊತ್ತಿನ ನೀರು ಹೇಗಿದೆ ಎಂದಷ್ಟೇ ತಿಳಿಯುತ್ತದೆ. ಮೀನು ಹಾಗಲ್ಲ, ಅದು ಮಳೆಗಾಲ ಬೇಸಿಗೆ ಅಲ್ಲೇ ಕಳೆಯುವ ಒಕ್ಕಲು. ಯಾವ ಒಕ್ಕಲು ಉಳಿದಿದೆ, ಯಾವುದು ಬಿಟ್ಟು ಹೋಗಿದೆ, ಯಾವುದು ಹೊರಗಿನಿಂದ ಬಂದು ಸೇರಿಕೊಂಡಿದೆ ಎಂದು ನೋಡಿದರೆ ಮನೆಯ ಸ್ಥಿತಿ ಗೊತ್ತಾಗುತ್ತದೆ.

"ಅಂದ್ರೆ ಮಾರ್ಕು ಹಾಕ್ತೀರಾ?"

"ಮಾರ್ಕೇ. ಎಷ್ಟು ಬಗೆಯ ಮೀನು ಇದ್ದರೆ ಅಷ್ಟು ಮಾರ್ಕು. ಕಲ್ಲೊಟ್ಟಿ ಗೊತ್ತಲ್ಲ, ಹರಿಯೋ ನೀರಲ್ಲಿ ಬಂಡೆಗೆ ಅಂಟಿಕೊಳ್ಳೋದು? ಅದು ಚೊಕ್ಕ ನೀರಿಲ್ಲದಿದ್ದರೆ ನಿಲ್ಲೋದಿಲ್ಲ. ಅದು ಸಿಕ್ಕಿದರೆ ಹೆಚ್ಚು. ಜಿಲೇಬಿ, ಆಫ್ರಿಕನ್ ಮುಷಿ ಥರ ಹೊರಗಿನಿಂದ ಬಂದ ಮೀನು ಸಿಕ್ಕಿದರೆ ಕಡಿತ. ಮೈಮೇಲೆ ಹುಣ್ಣಿರೋ ಮೀನು ಸಿಕ್ಕಿದರೂ ಕಡಿತ."

"ಜಿಲೇಬಿ ನಾನು ಮಾರೋ ಮೀನು ಟೀಚರೇ."

"ನಿಮ್ಮ ಬುಟ್ಟಿಯಲ್ಲಿ ಇರಲಿ. ತೋಡಿನಲ್ಲಿ ಬೇಡ."

ಈ ಭಾಗದ ಮೂರು ಪೇಟೆಗಳ ಮೂರು ತೋಡುಗಳನ್ನು ಹೀಗೆ ನೋಡುತ್ತಾರಂತೆ. ಒಂದನ್ನು ಆರಿಸುತ್ತಾರಂತೆ. ಆರಿಸಿದ ತೋಡಿಗೆ ಬೀಳುವ ಚರಂಡಿಗಳನ್ನೆಲ್ಲ ಬೇರೆ ಕಡೆ ತಿರುಗಿಸಿ, ಜೊಂಡು ಬೆಳೆಸಿದ ಕೊಳದಲ್ಲಿ ಆ ನೀರನ್ನು ತಿಳಿ ಮಾಡಿ, ಆಮೇಲೆ ಒಳಗೆ ಬಿಡುತ್ತಾರಂತೆ.

"ಕೈತತೋಡು ಆರಿಸಿದರೆ ಮೀನು ವಾಪಸು ಬರ್ತವಾ?"

"ಬರಬೇಕು" ಎಂದಳು ಟೀಚರ್.

ಆರಿಸುವುದು ಎಂದರೇನು ಎಂದು ಚೆಲುವರಾಜುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಾದರೆ ಜನ ಅವನ ಎದುರು ನಿಂತು ಮಾಡುವುದು ಅದನ್ನೇ. ಕಣ್ಣು ಮಂಕಾದ ಮೀನನ್ನು ಯಾರಾದರೂ ಆರಿಸಿದ್ದನ್ನು ಅವನು ಕಂಡಿರಲಿಲ್ಲ. ಯಾವ ತೋಡನ್ನು ಆರಿಸುತ್ತೀರಿ, ಹೆಚ್ಚು ಮಾರ್ಕಿನದನ್ನೋ ಕಡಿಮೆಯದನ್ನೋ ಎಂದು ಕೇಳಿದ್ದರೆ ಅವಳು ಅಲ್ಲೇ ಹೇಳುತ್ತಿದ್ದಳು. ಆದರೆ ವ್ಯಾಪಾರಿ ಗಿರಾಕಿಯನ್ನು ಹಾಗೆ ಕೇಳುವುದುಂಟೇ? ಕೇಳಿದರೆ ಮಾಲಿನಲ್ಲಿ ಏನೋ ಐಬಿದೆ ಎಂದು ತಾನೇ ಒಪ್ಪಿಕೊಂಡಂತೆ. ಅವನು ಕೇಳಿದ್ದು ಒಂದೇ, ನೋಡಲು ಯಾವತ್ತು ಬರುತ್ತೀರಿ ಎಂದು. ಮುಂದಿನ ವಾರ, ಎಂದಳು.

ಮಾರನೆಯ ದಿನ ಅವನು ಬಸ್ಸು ಹತ್ತಿ ಕಾಡಂಚಿಗೆ ಹೋದ. ಅಲ್ಲಿ ಕುಳ್ಳನ್ ಎಂಬ ಪಣಿಯ ಬುಡಕಟ್ಟಿನ ಮುದುಕ. ತೋಟದ ಕೂಲಿ ಇಲ್ಲದ ದಿನ ಹಳ್ಳದ ಮೇಲ್ಭಾಗದಲ್ಲಿ ಬಿದಿರಿನ ಕೂಳಿ ಒಡ್ಡಿ ಮೀನು ಹಿಡಿಯುತ್ತಿದ್ದ.

"ಜೀವ ಇರೋದು ಬೇಕು" ಎಂದ ಚೆಲುವರಾಜು. "ಕಲ್ಲೊಟ್ಟಿ, ಪಟ್ಟೆ ಇರೋ ಸಣ್ಣ ಮೀನು, ಹೊಳೆಯೋ ಮೀನು, ಎಲ್ಲ ಬಗೆಯೂ."

ಕುಳ್ಳನ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸತ್ತ ಮೀನು ಮಾರೋನಿಗೆ ಜೀವದ ಮೀನು ಯಾತಕ್ಕೆ ಚೆಲುವಣ್ಣ? ವ್ಯಾಪಾರ ಬಿಟ್ಟು ದೇವಸ್ಥಾನ ಶುರು ಮಾಡ್ತೀಯಾ?"

"ಹಳ್ಳಕ್ಕೆ ಬಿಡೋಕೆ."

"ಇದೂ ಅದೇ ಹಳ್ಳ."

"ಕೆಳಗೆ ಬಿಡೋಕೆ. ಪೇಟೆ ಹತ್ರ."

ಕುಳ್ಳನ್ ಎಲೆಯಡಿಕೆ ಉಗಿದ. "ಅವಕ್ಕೆ ಅಲ್ಲಿಗೆ ಹೋಗೋ ಮನಸ್ಸಿದ್ರೆ ದಾರಿ ಗೊತ್ತು. ನೀರು ಅತ್ಲಾಗೇ ಇಳೀತದೆ. ಅವು ಯಾಕೆ ಹೋಗಿಲ್ಲ ಅಂತ ಕೇಳು."

"ನಿಂಗೆ ಯಾಕಯ್ಯ ಅದು. ಹಿಡಿದು ಕೊಡ್ತೀಯೋ ಇಲ್ವೋ."

ಕೊಟ್ಟ. ಹಾಲಿನ ಕ್ಯಾನಿನಲ್ಲಿ ನೀರು ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಜೀಪಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚೆಲುವರಾಜು ಪೇಟೆಗೆ ತಂದ. ಹೀಗೆ ಮೂರು ಸಲ. ಬೆಳಕು ಹರಿಯುವ ಹೊತ್ತಿಗೆ ಕೇದಗೆ ಮೆಳೆಯ ತಿರುವಿನಲ್ಲಿ, ನೀರು ಸ್ವಲ್ಪ ಓಡುವ ಕಡೆ, ಕ್ಯಾನು ಓರೆ ಮಾಡಿ ಬಿಟ್ಟ. ಒಂದೆರಡು ಅಂಗಾತವಾಗಿ ತೇಲಿದವು. ಉಳಿದವು ಒಳಗೆ ಹೋದವು. ತೇಲಿದ್ದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ಹಲಗೆಯ ಮೇಲೆ ಕೆಟ್ಟ ಮೀನು ಕಾಣಬಾರದು.

ಟೀಚರ್ ಬಂದು ಬಲೆ ಎಳೆದಾಗ ಅವನು ಅಂಗಡಿಯನ್ನು ಕೃಷ್ಣನಿಗೆ ನೋಡಿಕೊಳ್ಳಲು ಹೇಳಿ ದಡದಲ್ಲೇ ನಿಂತಿದ್ದ. ಮೊದಲ ಎಳೆತಕ್ಕೆ ಜಿಲೇಬಿ. ಎರಡನೆಯದಕ್ಕೆ ಪಟ್ಟೆಯ ಮೀನು. ಮೂರನೆಯದಕ್ಕೆ ಕಲ್ಲೊಟ್ಟಿ. ಟೀಚರ್ ಅದನ್ನು ಒದ್ದೆ ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ನೋಡಿದಳು.

"ಇದು ಇಲ್ಲಿ ಹೇಗೆ?"

"ಹಳೇ ಒಕ್ಕಲು ಟೀಚರೇ" ಎಂದ ಚೆಲುವರಾಜು.

ಅವಳು ಮೇಲೆ ಕೆಳಗೆ ನೀರು ನೋಡಿದಳು, ಹುಬ್ಬು ಗಂಟಿಕ್ಕಿದಳು, ಬರೆದುಕೊಂಡಳು. ಬಲೆಗೆ ಬಿದ್ದದ್ದನ್ನು ಬರೆಯದೆ ಇರಲು ಅವಳ ಶಾಸ್ತ್ರದಲ್ಲಿ ಅವಕಾಶ ಇರಲಿಲ್ಲ. ಜೊತೆಗೆ, ಒಳ್ಳೆಯ ಸುದ್ದಿಯನ್ನು ಅನುಮಾನಿಸಲು ಯಾರಿಗೆ ತಾನೇ ಮನಸ್ಸು.

ಅದೇ ವಾರ ಅಮಾವಾಸ್ಯೆ. ಮಾದಮ್ಮ ಉಂಡೆಯ ತಟ್ಟೆ ಹಿಡಿದು ಇಳಿದಳು, ಆಸೆಯಿಂದಲ್ಲ, ರೂಢಿಯಿಂದ. ಮೊದಲ ಉಂಡೆ ಬಿತ್ತು. ನೀರು ಒಂದು ಕಡೆ ಸುಕ್ಕಾಯಿತು. ಆಮೇಲೆ ಇನ್ನೊಂದು ಕಡೆ. ಪಟ್ಟೆಯ ಮೀನುಗಳು ಉಂಡೆಯನ್ನು ನೂಕಾಡಿಕೊಂಡು, ಒಂದರ ಬಾಯಿಂದ ಇನ್ನೊಂದು ಕಿತ್ತುಕೊಂಡು ಅವಳ ಬೆರಳಿನವರೆಗೂ ಬಂದವು. ಅವಳು ಕೈ ಹಿಂದೆ ತೆಗೆಯಲಿಲ್ಲ.

"ನೋಡಯ್ಯ" ಎಂದಳು, ಜೋರಾಗಿ ಹೇಳಿದರೆ ಹೋಗಿಬಿಡುತ್ತವೆ ಎಂಬಂತೆ. "ಎಷ್ಟು ಹಸ್ಕಂಡಿದೆ ನೋಡು ನನ್ನ ಕೂಸು."

ಚೆಲುವರಾಜು ನೋಡಿದ. ಇಪ್ಪತ್ತಾರು ವರ್ಷದ ಹಿಂದೆ ಬಾಣಂತಿ ಮಂಚದ ಮೇಲೆ ಕಂಡಿದ್ದ ಮುಖ ಅದು. ಲಾಭ ನಷ್ಟ ಬಲ್ಲವನು, ಇಷ್ಟು ಸುಲಭಕ್ಕೆ ಇಷ್ಟು ದೊಡ್ಡದು ಸಿಗುವುದಿಲ್ಲ ಎಂದು ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ರಾತ್ರಿ ಮಾದಮ್ಮ ಹಾಡು ಗುನುಗುತ್ತ ಮುದ್ದೆ ತಿರುವಿದಳು.

ಕೆಲವು ವಾರ ಬಿಟ್ಟು ಟೀಚರ್ ಬಂಗುಡೆಗೆ ಬಂದಾಗ ಅವನು ತಾನಾಗಿಯೇ ಮೇಲಿನ ಸಾಲಿನದನ್ನು ಕೊಟ್ಟ. "ಏನಾಯ್ತು ನಮ್ಮ ತೋಡಿನ ರಿಸಲ್ಟು?"

"ಮೂರರಲ್ಲಿ ನಿಮ್ಮದೇ ಮೊದಲು ಚೇಟ್ಟಾ. ನನಗೇ ಆಶ್ಚರ್ಯ."

"ಹಂಗಾದ್ರೆ ಚರಂಡಿ ಯಾವಾಗ ತಿರುಗಿಸ್ತಾರೆ?"

ಟೀಚರ್ ಚೀಲದ ಬಾಯಿ ಕಟ್ಟುತ್ತಿದ್ದವಳು ತಲೆಯೆತ್ತಿದಳು. "ನಿಮ್ಮದಕ್ಕಾ? ಇಲ್ಲ. ಹಣ ಇರೋದು ಒಂದಕ್ಕೆ. ಯಾವುದು ಹೆಚ್ಚು ಕೆಟ್ಟಿದೆಯೋ ಅದಕ್ಕೆ. ನಿಮ್ಮ ತೋಡು ತಾನೇ ಸುಧಾರಿಸಿಕೊಳ್ತದೆ ಅಂತ ಮೀನುಗಳು ಹೇಳ್ತಿವೆಯಲ್ಲ."

ಅವನು ಹಲಗೆಯ ಮೇಲೆ ನೀರು ಚಿಮುಕಿಸಿದ. ಚಿಮುಕಿಸಿದ್ದಕ್ಕೇ ಮತ್ತೆ ಚಿಮುಕಿಸಿದ. ಆಸ್ಪತ್ರೆಗೆ ಕರೆದೊಯ್ಯುವ ರೋಗಿಗೆ ಪೌಡರು ಬಳಿದು, ಕೆನ್ನೆಗೆ ಬಣ್ಣ ಹಚ್ಚಿ, ಡಾಕ್ಟರಿಂದಲೇ ಭೇಷ್ ಅನ್ನಿಸಿಕೊಂಡು ವಾಪಸು ಕರೆತಂದ ಹಾಗಾಗಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದ. ಆದರೆ ಪಕ್ಕದಲ್ಲೇ ಮಾದಮ್ಮ ಕಾಟ್ಲಾ ಕತ್ತರಿಸುತ್ತ ಕೂತಿದ್ದಳು. ಮಾರನೆಯ ದಿನ ಅಮಾವಾಸ್ಯೆ. ಬೆಲ್ಲ ಆಗಲೇ ತಂದಿಟ್ಟಿದ್ದಳು. ಮೀನಂತೂ ಇದ್ದಾವಲ್ಲ, ಉಣ್ಣುತ್ತಾವಲ್ಲ, ಇಷ್ಟು ಸಾಕು ಎಂದು ಅವನು ಬಾಯಿ ಮುಚ್ಚಿಕೊಂಡ. ಅದೂ ಒಂದು ವ್ಯಾಪಾರವೇ. ಕೈಗೆ ಬಂದದ್ದನ್ನು ಹಿಡಿದು, ಬರಬೇಕಾದ್ದನ್ನು ಬಿಡುವುದು.

ಬೇಸಿಗೆ ಬಂತು. ಹಳ್ಳ ಇಳಿಯಿತು, ಚರಂಡಿ ಇಳಿಯಲಿಲ್ಲ. ಯಾವುದೋ ಮದುವೆ ಊಟದ ಪಾತ್ರೆ ತೊಳೆದ ನೀರೋ, ಇನ್ಯಾರೋ ತೊಟ್ಟಿ ಖಾಲಿ ಮಾಡಿದ್ದೋ, ಒಂದು ಬೆಳಿಗ್ಗೆ ನೀರು ಗಂಜಿಯಂತೆ ಬಿಳಿಚಿಕೊಂಡು ನಿಂತಿತ್ತು. ಮಾದಮ್ಮ ಅಂಗಡಿಗೆ ಓಡಿ ಬರಲಿಲ್ಲ. ಚೆಲುವರಾಜುವೇ ಹುಡುಕಿಕೊಂಡು ಹೋದಾಗ ಅವಳು ತಿರುವಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸುತ್ತ ಹೊಟ್ಟೆ ಮೇಲಾದ ಮೀನು. ಪಟ್ಟೆಯವು, ಬೆಳ್ಳಿಯವು. ಕಲ್ಲೊಟ್ಟಿ ಸತ್ತ ಮೇಲೆ ಯಾವ ಕಲ್ಲನ್ನೂ ಹಿಡಿದಿರಲಿಲ್ಲ. ಅವಳು ಒಂದೊಂದನ್ನೇ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಮೇಲಕ್ಕೆ ಬಾ ಮಾದೂ. ನೀರು ಒಳ್ಳೇದಲ್ಲ."

"ಒಂದ್ ಸಲ ಮಣ್ಣು ಮಾಡಿದ್ದೆ" ಎಂದಳು. "ಈಗ ಎಷ್ಟು ಗುಂಡಿ ತೋಡ್ಬೇಕೋ."

ಸುದ್ದಿ ಕೇಳಿ ಮಧ್ಯಾಹ್ನದ ಹೊತ್ತಿಗೆ ಟೀಚರ್ ಬಂದಳು. ಸತ್ತ ಮೀನುಗಳನ್ನು ಎತ್ತಿ ನೋಡಿದಳು. ಬಾಟಲಿಗೆ ನೀರು ತುಂಬಿದಳು. ಮಾದಮ್ಮ ದಡದಲ್ಲಿ ಕೂತು ಕುಡುಗೋಲಿನಿಂದ ಮಣ್ಣು ಕೆದಕುತ್ತಿದ್ದಳು. ಸೆರಗಿನ ಗಂಟು ಮಡಿಲಲ್ಲಿತ್ತು.

"ನನಗೆ ಅರ್ಥವಾಗ್ತಿಲ್ಲ ಚೇಟ್ಟಾ" ಎಂದಳು ಟೀಚರ್. "ಈ ಮೀನುಗಳು ಇಲ್ಲೇ ಹುಟ್ಟಿ ಬೆಳೆದವು ಅನ್ನೋದಾದರೆ, ಇಂಥ ನೀರಿನಲ್ಲಿ ಅವು ಇಷ್ಟು ದಿನ ಬದುಕಿದ್ದೇ ಹೇಗೆ? ಬರೋ ವಾರ ಹಣದ ಮೀಟಿಂಗು. ನನ್ನ ಲೆಕ್ಕದಲ್ಲೇ ಏನೋ ತಪ್ಪಿದೆ ಅಂತ ತೋರಿಸೋಕೆ ಆದರೆ ಮಾತ್ರ ನಿಮ್ಮ ತೋಡನ್ನ ಮತ್ತೆ ಸೇರಿಸಬಹುದು. ಇಲ್ಲದಿದ್ದರೆ ಇನ್ನು ಎಷ್ಟು ವರ್ಷವೋ."

ಚೆಲುವರಾಜು ಒಂದು ಸಲ ನೀರನ್ನು ನೋಡಿದ, ಒಂದು ಸಲ ಹೆಂಡತಿಯನ್ನು. ಸುಮ್ಮನಿದ್ದರೆ ಅವಳಿಗೆ ಈ ಕೆಲವು ಅಮಾವಾಸ್ಯೆಗಳು ಉಳಿಯುತ್ತವೆ, ಹಳ್ಳ ಉಳಿಯುವುದಿಲ್ಲ. ಹೇಳಿದರೆ ಹಳ್ಳ ಉಳಿದೀತು, ಎಂದಾದರೊಮ್ಮೆ ನಿಜವಾದ ಮೀನು ಬಂದಾವು. ಸಣ್ಣದನ್ನು ಕೊಟ್ಟು ದೊಡ್ಡದನ್ನು ಪಡೆಯುವ ಲೆಕ್ಕ. ಅವನ ಜೀವಮಾನದಲ್ಲಿ ಇಷ್ಟು ನೇರವಾದ ಲೆಕ್ಕ ಬಂದಿರಲಿಲ್ಲ.

"ನಿಮ್ಮ ತಪ್ಪಲ್ಲ ಟೀಚರೇ. ನಾನು ತಂದು ಬಿಟ್ಟಿದ್ದು. ಮೇಲಿಂದ, ಕುಳ್ಳನ್ ಹತ್ರ ಹಿಡಿಸಿ. ನೀವು ಬರೋ ಹಿಂದಿನ ವಾರ. ಮಾರ್ಕು ಹೆಚ್ಚು ಬಂದರೆ ನಮ್ಮದನ್ನ ಆರಿಸ್ತೀರಿ ಅಂದ್ಕೊಂಡೆ."

ಟೀಚರ್ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. "ಅವತ್ತೇ ಕೇಳಬೇಕಿತ್ತು ನಾನು" ಎಂದಳು. "ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ."

ಮಾದಮ್ಮನ ಕುಡುಗೋಲು ನಿಂತಿತ್ತು. ಟೀಚರ್ ಬಾಟಲಿಗಳನ್ನು ಎತ್ತಿಕೊಂಡು ದಡ ಹತ್ತಿ ಹೋಗುವವರೆಗೂ ಅವಳು ಕತ್ತೆತ್ತಲಿಲ್ಲ. ಆಮೇಲೆ ಕೇಳಿದಳು, "ಎಲ್ಲಾನೂ ನೀನೇ ತಂದಿದ್ದಾ?"

"ಹೂಂ."

"ಹೋದ ವರ್ಷ ಒಂದೆರಡು ಬಂದಿತ್ತಲ್ಲ. ಅದು?"

"ಅದು ನಾನಲ್ಲ ಮಾದೂ."

"ಗೀತಾ ಹುಟ್ಟೋ ಮುಂಚೆ ಹಿಂಡು ಹಿಂಡಾಗಿ ಬರ್ತಿತ್ತು. ಅದು?"

"ದೇವರಾಣೆ, ಈ ಸಲ ಮಾತ್ರ. ಮುಂಚೆಯವೆಲ್ಲ ತಾವಾಗೇ ಬಂದವು. ನನ್ನ ಮಾತು ನಂಬು."

"ನಿನ್ನ ಮಾತು ನಂಬಾಕೆ ನಾನೇನು ಗಿರಾಕಿಯಾ?"

ಅವಳು ದನಿ ಏರಿಸಿರಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮೀನುಗಳನ್ನು ಹುಲ್ಲಿನ ಮೇಲೆ ಸುರಿದಳು. ಬೆಳಗ್ಗೆ ಒಂದೊಂದಾಗಿ ಎತ್ತಿದ್ದವಳು, ಕಸ ಸುರಿದಂತೆ ಒಟ್ಟಿಗೆ ಸುರಿದಳು. ತೋಡಿದ್ದ ಗುಂಡಿ ಹಾಗೆಯೇ ಬಾಯಿ ತೆರೆದುಕೊಂಡು ಉಳಿಯಿತು. ಆ ಗುಂಡಿಗೆ ಮೀನುಗಳನ್ನು ಹಾಕಿ ಮಣ್ಣು ಎಳೆದವನು ಚೆಲುವರಾಜು. ಲೆಕ್ಕದಲ್ಲಿ ತಾನು ಸಣ್ಣದು ಎಂದು ಕೊಟ್ಟದ್ದು ಯಾವುದು ಎಂದು ಅವನಿಗೆ ಗೊತ್ತಾದದ್ದು ಆಗ.

ಅವನು ಬರೆದುಕೊಟ್ಟ. ಟೀಚರ್ ಮತ್ತೊಮ್ಮೆ ಬಲೆ ಎಳೆದಳು; ಜಿಲೇಬಿ ಬಿಟ್ಟರೆ ಬೇರೇನೂ ಬರಲಿಲ್ಲ. ಮೂರು ತೋಡುಗಳಲ್ಲಿ ಕೈತತೋಡಿಗೆ ಕೊನೆಯ ಸ್ಥಾನ ಸಿಕ್ಕಿ, ಹಣವೂ ಸಿಕ್ಕಿತು. ಮಳೆಗಾಲ ಮುಗಿಯುತ್ತಲೇ ಕೊಳವೆಗಳು ಬಂದಿಳಿದವು. ಪೇಟೆಯವರು ಚೆಲುವರಾಜುವಿನ ಬೆನ್ನು ತಟ್ಟಿದರು. ಕೃಷ್ಣನ್, "ಫೇಲಾಗಿ ಬಹುಮಾನ ತಗೊಂಡ ಮೊದಲನೇ ಹಳ್ಳ ನಿನ್ನದೇ ಮಾರಾಯ" ಎಂದು ಚಹಾ ಕೊಟ್ಟ. ಹಾದು ಹೋಗುವ ಅಮಾವಾಸ್ಯೆಗಳಲ್ಲಿ ಮಾದಮ್ಮ ಅಂಗಡಿಯಲ್ಲೇ ಕೂತು ಮೀನು ಕತ್ತರಿಸಿದಳು. ಅವನೂ ಎಬ್ಬಿಸಲಿಲ್ಲ.

ಒಂದು ಸಂಜೆ ಟೀಚರ್ ಹೇಳಿಹೋದದ್ದನ್ನು ಅವನು ಹೆಂಡತಿಯ ಮುಂದಿಟ್ಟ. ಚರಂಡಿ ತಿರುಗಿದ ಮೇಲೆ ಎರಡು ಮೂರು ಮಳೆಗಾಲದಲ್ಲಿ ಮೇಲಿನ ಮೀನು ತಾವಾಗಿಯೇ ಇಳಿದು ಬರುತ್ತವಂತೆ. ಯಾರೂ ತಂದು ಬಿಡಬೇಕಾಗಿಲ್ಲವಂತೆ.

ಮಾದಮ್ಮ ಕೈಯಲ್ಲಿದ್ದ ಮೀನಿನ ಪೊರೆ ಹೆರೆದು ಮುಗಿಸಿ, ಅದನ್ನು ಬುಟ್ಟಿಗೆ ಹಾಕಿದಳು.

"ಬಂದ್ರೆ ಬರ್ಲಿ" ಎಂದಳು. "ಅದ್ರಲ್ಲಿ ನಂದು ಯಾವ್ದು ಅಂತ ನಂಗೆ ಎಂಗೆ ಗೊತ್ತಾಗ್ಬೇಕು?"

ಚೆಲುವರಾಜು ಹಲಗೆ ತೊಳೆದ ನೀರಿನ ಬಕೆಟ್ಟನ್ನು ಎತ್ತಿಕೊಂಡು, ಹಳ್ಳದ ಕಡೆಗೆ ಹೋಗದೆ, ರಸ್ತೆಯ ಆಚೆಗೆ ನಡೆದ.